ಸೂಲಗಿತ್ತಿಯ ಮಗಳು

ಶಿಷ್ಯ ಚೆನ್ನವೀರ ಗುರುಗಳನ್ನು ಕೇಳಿದ: "ಗುರುಗಳೇ, ಬೇರೆ ಯಾರದೋ ಕೆಲಸವಾದರೆ ನನ್ನ ಕೈ ತಪ್ಪುವುದಿಲ್ಲ. ಇದು ಸರಿಯಾಗಲೇಬೇಕು ಎಂದು ಹಂಬಲಿಸಿದ ಕೆಲಸವೇ ಕೆಡುತ್ತದೆ. ಹೀಗೇಕೆ?"

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು:

ಒಂದು ಊರಿನಲ್ಲಿ ಕೆಂಚವ್ವ ಎಂಬ ಸೂಲಗಿತ್ತಿ ಇದ್ದಳು. ಸುತ್ತಲಿನ ಏಳೆಂಟು ಊರುಗಳಲ್ಲಿ ಮೂವತ್ತು ವರ್ಷಗಳಿಂದ ಹೆರಿಗೆ ಮಾಡಿಸುತ್ತಿದ್ದಳು. ಕೂಸು ಹೊಟ್ಟೆಯಲ್ಲಿ ಅಡ್ಡ ತಿರುಗಿದ್ದರೆ ಎಣ್ಣೆ ಹಚ್ಚಿ, ಮೆಲ್ಲನೆ ಒತ್ತಿ ನೆಟ್ಟಗೆ ಮಾಡುವುದು ಅವಳಿಗೆ ಗೊತ್ತಿತ್ತು. ಎಂತಹ ಕಷ್ಟದ ಹೆರಿಗೆಯಲ್ಲೂ ಅವಳ ಕೈ ನಡುಗಿದ್ದನ್ನು ಯಾರೂ ಕಂಡಿರಲಿಲ್ಲ.

ಅವಳಿಗೆ ಒಬ್ಬಳೇ ಮಗಳು, ಸಾವಂತ್ರಿ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ದಿನ ನಸುಕಿನಲ್ಲಿ ನೋವು ಶುರುವಾಯಿತು. ಮಧ್ಯಾಹ್ನವಾದರೂ ಹೆರಿಗೆ ಆಗಲಿಲ್ಲ. ಕೆಂಚವ್ವ ಹೊಟ್ಟೆ ಮುಟ್ಟಿ ನೋಡಿದಳು. ಕೂಸು ಅಡ್ಡ ಇತ್ತು.

ಕೆಂಚವ್ವನಿಗೆ ಭಯವಾಯಿತು. ಮಗಳು ಉಳಿಯದಿದ್ದರೆ? ಊರವರ ಮಕ್ಕಳನ್ನೆಲ್ಲ ಉಳಿಸಿ ತನ್ನವಳನ್ನೇ ಕಳೆದುಕೊಂಡರೆ? ಅಳಿಯನಿಗೆ ಏನು ಹೇಳಲಿ? ಆಮೇಲೆ ಈ ಮನೆಯಲ್ಲಿ ಹೇಗಿರಲಿ? ಹೀಗೆ ಯೋಚಿಸುತ್ತ ಮತ್ತೆ ಹೊಟ್ಟೆಯ ಮೇಲೆ ಕೈ ಇಟ್ಟಳು. ಮೂವತ್ತು ವರ್ಷ ಪಳಗಿದ ಬೆರಳುಗಳಿಗೆ ಕೂಸಿನ ತಲೆ ಎತ್ತ, ಕಾಲು ಎತ್ತ ಎಂಬುದೇ ತಿಳಿಯಲಿಲ್ಲ. ಕೈ ನಡುಗುತ್ತಿತ್ತು. ಹೊಳೆಯಾಚೆಯ ಸೂಲಗಿತ್ತಿಯನ್ನು ಕರೆತರಲು ಪಕ್ಕದ ಮನೆಯವಳನ್ನು ಕಳಿಸಿದಳು. ಆ ಸೂಲಗಿತ್ತಿ ಬರುವುದು ಸಂಜೆಗೇ ಎಂಬುದೂ ಅವಳಿಗೆ ಗೊತ್ತಿತ್ತು.

ಆಗ ಸಾವಂತ್ರಿ ಕಣ್ಣು ತೆರೆದು, "ಅವ್ವಾ, ಎಲ್ಲಿದ್ದೀ?" ಎಂದಳು.

"ಇಲ್ಲೇ ಇದ್ದೀನಲ್ಲ ತಾಯಿ, ನಿನ್ನ ಪಕ್ಕದಲ್ಲೇ."

"ಎಡಗಡೆ ಬಹಳ ಬಿಗಿದಿದೆ. ಅಲ್ಲಿ ಸ್ವಲ್ಪ ಕೈ ಇಡವ್ವ."

ಕೆಂಚವ್ವ ಎಡಗಡೆ ಕೈ ಇಟ್ಟಳು. ಮಗಳ ಮೈ ಬೆವರಿ ತಣ್ಣಗಾಗಿತ್ತು. ಸೆರಗಿನಿಂದ ಒರೆಸಿದಳು. ಎಣ್ಣೆ ಬಿಸಿ ಮಾಡಿ ಸವರಿದಳು. ಬಿಗಿದ ಹೊಟ್ಟೆ ನಿಧಾನವಾಗಿ ಸಡಿಲವಾಯಿತು. ಅಂಗೈ ಕೆಳಗೆ ಗಟ್ಟಿಯಾಗಿ, ದುಂಡಗೆ ಏನೋ ಸಿಕ್ಕಿತು. ಅದು ಕೂಸಿನ ತಲೆ. ನೋವು ಬಂದಾಗ ಕೈ ನಿಲ್ಲಿಸಿದಳು, ನೋವು ಇಳಿದಾಗ ಒಂದಿಷ್ಟು ಒತ್ತಿದಳು. ಮತ್ತೆ ನೋವು, ಮತ್ತೆ ಕಾದಳು. ಮಗಳ ಉಸಿರು ನೋಡುತ್ತ, ಅವಳ ಮುಖ ನೋಡುತ್ತ ಕೆಲಸ ಮಾಡಿದಳು. ಮುಂದೇನು ಎಂದು ಯೋಚಿಸಲು ಅವಳಿಗೆ ಬಿಡುವಿರಲಿಲ್ಲ. ಕೈ ಯಾವಾಗ ನಡುಗುವುದನ್ನು ಬಿಟ್ಟಿತೋ ಅವಳಿಗೇ ಗೊತ್ತಾಗಲಿಲ್ಲ.

ಹೊಳೆಯಾಚೆಯ ಸೂಲಗಿತ್ತಿ ಬರುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿ, ತಾಯಿಯ ಮಗ್ಗುಲಲ್ಲಿ ನಿದ್ದೆ ಹೋಗಿತ್ತು. ಸಾವಂತ್ರಿ ಕೂಸಿನ ತಲೆ ಸವರುತ್ತಿದ್ದಳು, ಕೆಂಚವ್ವ ಅವಳ ಕಾಲ ಬಳಿ ಕುಳಿತು ಅಳುತ್ತಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಕೇಳಿದ: "ಹಾಗಾದರೆ ಇವಳು ತನ್ನ ಮಗಳು ಎಂಬುದನ್ನು ಕೆಂಚವ್ವ ಮರೆತದ್ದಕ್ಕೇ ಕೈ ಸ್ಥಿರವಾಯಿತೇ, ಗುರುಗಳೇ?"

"ಇಲ್ಲಪ್ಪ," ಎಂದರು ಗುರುಗಳು, "ಭಯದಲ್ಲಿ ಮರೆತೇಹೋಗಿದ್ದ ಮಗಳು ಅವಳಿಗೆ ಆಗ ಕಂಡಳು."