ಗೌರಿ ಹಬ್ಬದ ಬೆಳ್ಳಿ ಚೆಂಬು

ಅಮಲ್ದಾರರು ಕೆಮ್ಮಿದರೆ ಬೀದಿಯೇ ಎದ್ದು ನಿಲ್ಲುತ್ತಿದ್ದ ಕಾಲ ಅದು. ಗೌರಿ ಹಬ್ಬದ ಹಿಂದಿನ ದಿನ ಅಮಲ್ದಾರ್ ನರಹರಿರಾಯರ ಮನೆಯ ಬೆಳ್ಳಿ ಚೆಂಬು ಮಾಯವಾಯಿತು. ಎಲ್ಲರ ಕಣ್ಣೂ ಮುಸುರೆ ತಿಕ್ಕುವವಳ ಮೇಲೆ.

"ನೂರು ಕಳ್ಳತನದಲ್ಲಿ ತೊಂಬತ್ತು ಮನೆಗೆಲಸದವರದ್ದೇ. ಅಂದಮೇಲೆ ನೂರಕ್ಕೆ ತೊಂಬತ್ತು ಪಾಲು ನೀನೇ ಕಳ್ಳಿ. ನಾಳೆಯಿಂದ ಬರಬೇಡ," ಎಂದರು ಕ್ಲಬ್ಬಿಗೆ ಹೊರಟಿದ್ದ ರಾಯರು, ಮೀಸೆ ತೀಡುತ್ತ.

ವರ್ಷ ವರ್ಷವೂ ವಿಭೂತಿ ಹಾಕಿ ಅವಳೇ ಬೆಳಗಿದ ಚೆಂಬು ಅದು. ಸೆರಗಿಗೆ ಕೈ ಒರೆಸಿಕೊಂಡು ರಾಯರ ಹೆಂಡತಿ ಅಮ್ಮಾವ್ರ ಕಡೆ ತಿರುಗಿದಳು.

"ಬುದ್ಧಿಯೋರ ಲೆಕ್ಕ ಸರಿ ಅಮ್ಮಾವ್ರೇ. ಗಿರವಿ ಅಂಗಡಿ ಗುಡಿಸೋ ನಮ್ಮಕ್ಕನೂ ಹಂಗೇ ಅಂತಾಳೆ. ಅಲ್ಲಿ ಬೆಳ್ಳಿ ಇಡೋ ನೂರು ಜನದಲ್ಲಿ ತೊಂಬತ್ತು ಜನ ಕ್ಲಬ್ಬಲ್ಲಿ ಇಸ್ಪೀಟಾಡೋರಂತೆ."

ಅಮ್ಮಾವ್ರು ನಿಧಾನವಾಗಿ ಯಜಮಾನರತ್ತ ನೋಡಿದರು. ಮೀಸೆಯ ಮೇಲಿನ ಕೈ ಅಲ್ಲೇ ನಿಂತಿತು.

"ಇಸ್ಪೀಟಾಡೋರೆಲ್ಲ ಬೆಳ್ಳಿ ಗಿರವಿ ಇಡ್ತಾರೇನು?" ರಾಯರು ತೊದಲಿದರು.

"ಹಂಗಾದ್ರೆ ಮುಸುರೆ ತಿಕ್ಕೋರೆಲ್ಲ ಕದೀತಾರಾ, ಬುದ್ಧಿ?"

ಬೆಳಗಾಗುವಷ್ಟರಲ್ಲಿ ಚೆಂಬು ದೇವರಮನೆಯಲ್ಲಿತ್ತು. ದೀಪದ ಹಿಂದೆ ಬಿದ್ದಿತ್ತಂತೆ, ಪಾಪ, ರಾಯರಿಗೇ ಸಿಕ್ಕಿತಂತೆ.

ಆ ಕ್ಲಬ್ಬೂ ಹೋಯಿತು, ಆ ಗತ್ತೂ ಹೋಯಿತು. ಅಮ್ಮಾವ್ರು ಮಾತ್ರ ಬದುಕಿರುವ ತನಕ ಬೆಳ್ಳಿ ಬೀರುವಿನ ಬೀಗದ ಕೈಯನ್ನು ಆ ಮುಸುರೆಯವಳ ಸೊಂಟಕ್ಕೇ ಸಿಕ್ಕಿಸಿದ್ದರು.