ಕಾಲುವೆಯಾಚೆಯ ನಲವತ್ತೆರಡು ಬೀಜ

ಒಂದೂರಿನಲ್ಲಿ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿಯನ್ನು ಮೂರು ವರ್ಷಕ್ಕೊಮ್ಮೆ ಊರವರೇ ಆರಿಸುತ್ತಿದ್ದರು. ಹಳಬನಿಗೊಂದು ಗಡಿಗೆ, ಹೊಸಬನಿಗೊಂದು ಗಡಿಗೆ. ತಲೆಗೊಂದು ಹೊಂಗೆಬೀಜ, ಬೇಕಾದವನ ಗಡಿಗೆಗೆ ಹಾಕುವುದು. ಹೊತ್ತು ನೆತ್ತಿಗೆ ಬಂದರೆ ಗಡಿಗೆಗಳ ಬಾಯಿಗೆ ಬಟ್ಟೆ ಕಟ್ಟುವುದು. ಪಕ್ಕದೂರಿನವನೊಬ್ಬ ಸಾಕ್ಷಿ ಕೂರಬೇಕು. ರೊಟ್ಟಿ, ನೀರು ಅವನೇ ತರಬೇಕು. ಈ ಊರಿನ ಒಂದು ಗುಟುಕು ಮಜ್ಜಿಗೆಯನ್ನೂ ಮುಟ್ಟಬಾರದು. ಅವನು "ಸರಿ" ಅನ್ನದೆ ಗಡಿಗೆ ಬಿಚ್ಚುವಂತಿಲ್ಲ.

ನೀರುಗಂಟಿ ಹಾಲಪ್ಪನಿಗೆ ಈ ಸಲ ಭಯ ಹತ್ತಿತ್ತು. ತನ್ನವರ ಗದ್ದೆಗಷ್ಟೇ ನೀರು ಹರಿಸಿ ಕಾಲುವೆಯಾಚೆಯ ಕೆಳಕೇರಿಯ ಪೈರು ಒಣಗಿಸಿದ್ದನಲ್ಲ! "ಮನೆಮಂದಿ ನಾವು ನಾವೇ. ಹೊರಗಿನವನು ಯಾಕೆ?" ಎಂದ. ಊರವರು ಹೌದಪ್ಪಾ ಅಂದುಬಿಟ್ಟರು, ಏನು ಹೇಳೋಣ! ಕೆಳಕೇರಿಯ ಮುದುಕಿ ದುರುಗವ್ವ ಮಾತ್ರ ಪಕ್ಕದೂರಿಗೆ ಹೋಗಿ ಹತ್ತಿ ಹಿಂಜುವ ಮೌಲಪ್ಪನಿಗೆ ಹೇಳಿಬಂದಳು. ಬಂದ ಸಾಕ್ಷಿಯನ್ನು ಹಿಂದಕ್ಕೆ ಕಳಿಸಲು ಯಾರಿಗೂ ಧೈರ್ಯವಾಗಲಿಲ್ಲ.

ಬೆಳಿಗ್ಗೆ ಮೌಲಪ್ಪ ಕಾಲುವೆಯ ಹಲಗೆ ದಾಟಿ ಬಂದು ಗಡಿಗೆಗಳ ಎದುರು ಕೂತ. ಅವನ ಬೆನ್ನಿಗೇ ಹಾಲಪ್ಪ ತೂಬನ್ನು ಪೂರ್ತಿ ಎತ್ತಿಸಿದ. ಕಾಲುವೆ ತುಂಬ ಎದೆಮಟ್ಟ ನೀರು. ಹುಳ ಹಿಡಿದಿದೆ ಎಂದು ಹಲಗೆಯನ್ನೂ ತೆಗೆಸಿದ.

ಕೆಳಕೇರಿಯವರು ಬೀಜ ಹಿಡಿದು ಆಚೆ ದಡದಲ್ಲೇ ನಿಂತರು. ಒಬ್ಬ ಇಳಿದ, ಕಾಲು ಜಾರಿತು, ಪಂಚೆ ಹಿಡಿದು ಎಳೆದುಕೊಂಡರು. ಎಷ್ಟು ಕೂಗಿದರೂ ನೀರಿನ ಸದ್ದಿಗೆ ಯಾರಿಗೂ ಕೇಳದು. ನೆರಳು ಗಿಡ್ಡವಾಗುತ್ತಾ ಬಂತು.

"ಅಯ್ಯೋ ಶಿವನೇ, ಹೊತ್ತು ಏರ್ತಾ ಐತಲ್ಲೋ! ಇವತ್ತು ತಪ್ಪಿದ್ರೆ ಇನ್ನು ಮೂರು ವರ್ಷ ನಮ್ಮ ಬಾಯಿಗೆ ಮಣ್ಣೇ," ಎಂದು ದುರುಗವ್ವ ಎದೆ ಬಡಿದುಕೊಂಡಳು. ಮುಷ್ಟಿಯಲ್ಲಿದ್ದ ಬೀಜ ಬೆವರಿಗೆ ಒದ್ದೆಯಾಗಿತ್ತು.

ಇತ್ತ ಮೌಲಪ್ಪನಿಗೂ ಕಸಿವಿಸಿ. ಕರೆಯಲು ಬಂದ ಮುದುಕಿಯೇ ಕಾಣಿಸುತ್ತಿಲ್ಲವಲ್ಲ? ಎದ್ದುನಿಂತ.

"ಎಲ್ಲಿಗೆ? ಸಾಕ್ಷಿ ಕಾಯೋದು ಗಡಿಗೇನ. ಕೂತ್ಕೋ, ಮಜ್ಜಿಗೆ ಕುಡಿ," ಎಂದ ಹಾಲಪ್ಪ.

"ಗಡಿಗೇನೇ ಕಾಯ್ತೀನಪ್ಪಾ," ಎಂದವನೇ ಮೌಲಪ್ಪ ಎರಡೂ ಗಡಿಗೆಗಳನ್ನು ಎರಡು ಕಂಕುಳಲ್ಲಿ ಇರುಕಿಕೊಂಡು ಕಾಲುವೆಯತ್ತ ನಡೆದ. ಊರೆಲ್ಲ ಹಿಂದೆ ಓಡಿತು.

ದಡದಲ್ಲಿ ಗಡಿಗೆ ಇಳಿಸಿ ಆಚೆಯ ತಲೆಗಳನ್ನು ಎಣಿಸಿದ. ನಲವತ್ತೆರಡು.

"ಹೊತ್ತು ನೆತ್ತಿಗೆ ಬಂತು, ಗಡಿಗೆ ಕಟ್ರಿ!" ಎಂದು ಹಾಲಪ್ಪ ಕಿರುಚಿದ.

"ಬೇಕಾದ್ರೆ ಕಟ್ಟಿ. ಬಿಚ್ಚೋಕೆ ನನ್ನ ಮಾತು ಬೇಕಲ್ಲ? ನಾನು ದಾಟಿ ಬಂದ ಹಲಗೆ ಈಗಿಲ್ಲ. ಈ ನಲವತ್ತೆರಡು ಬೀಜ ಬೀಳೋತನಕ ನಾನು ಸರಿ ಅನ್ನಲ್ಲ."

ಹಿರಿಯರು ತಲೆ ತಗ್ಗಿಸಿದರು. ತೂಬು ಇಳಿಯಿತು, ಹಲಗೆ ಬಂತು. ಎಲ್ಲರಿಗಿಂತ ಮೊದಲು ದುರುಗವ್ವ ದಾಟಿದಳು. ಕೊನೆಯ ಬೀಜ ಬಿದ್ದಮೇಲೆ ಮೌಲಪ್ಪ "ಸರಿ" ಎಂದ.

ಹಾಲಪ್ಪ ಸೋತ. ಮೌಲಪ್ಪನಿಗೆ ಅದು ಗೊತ್ತಾಗಲಿಲ್ಲ. ಎಣಿಕೆ ಮುಗಿದದ್ದೇ ತಡ, ಯಾವ ಗಡಿಗೆ ಯಾರದೆಂದೂ ಕೇಳದೆ ತನ್ನೂರಿಗೆ ಹೊರಟಿದ್ದ.

ನೀತಿ: ಮತ ಕದಿಯುವವನು ಗಡಿಗೆಗೆ ಕೈ ಹಾಕಬೇಕೆಂದೇನಿಲ್ಲ, ಗಡಿಗೆಯ ದಾರಿ ಕಿತ್ತರೂ ಸಾಕು. ಅದಕ್ಕೇ ಯಾರ ಹಂಗೂ ಇಲ್ಲದ ಒಂದು ಕಣ್ಣು ದಾರಿಯ ಮೇಲೂ ಇರಬೇಕು.