ಜಗಳ ಎಳೆದು ತಂದ ಕಲ್ಲುಬಾನಿ

ರಸ್ತೆ ಅಗೆಯುವಾಗ ದೊಡ್ಡದೊಂದು ಕಲ್ಲುಬಾನಿ ಸಿಕ್ಕಿತು. ಉತ್ತರದ ಕೇರಿಯ ಜವರಪ್ಪನವರು ತಮ್ಮ ಬಾಗಿಲಿಗೆ ಬೇಕೆಂದರು. ಪೂರ್ವದ ಕೇರಿಯ ಪುಟ್ಟಮಾದಯ್ಯನವರೂ ಹಾಗೇ ಅಂದರು.

"ನೀವೇ ಹೇಳಿ ಮೇಷ್ಟ್ರೇ, ಯಾರಿಗೆ?" ಎಂದು ಇಬ್ಬರೂ ಗದರಿದರು. ಯಾರ ಹೆಸರು ಹೇಳಿದರೂ ಇನ್ನೊಬ್ಬರು ವಿಜ್ಞಾನದ ಮೇಷ್ಟ್ರನ್ನು ಬೇರೆ ಊರಿಗೆ ವರ್ಗ ಮಾಡಿಸುವುದು ಖಾತ್ರಿ. ಬೆಳಿಗ್ಗೆ ಬೋರ್ಡಿನ ಮೇಲೆ ಬರೆದಿದ್ದ, ಬಲದ ದಿಕ್ಕು ತೋರುವ ಸದಿಶಗಳ ಬಾಣ ಅವರಿಗೆ ನೆನಪಾಯಿತು.

"ಎರಡು ಹಗ್ಗ ಕಟ್ಟಿ, ಇಬ್ಬರ ಕಡೆಯವರೂ ನಿಮ್ಮ ನಿಮ್ಮ ದಿಕ್ಕಿಗೆ ಎಳೆಯಿರಿ. ಬಾನಿ ಎಲ್ಲಿ ನಿಲ್ಲುತ್ತೋ ಅಲ್ಲೇ ಇರಲಿ."

ಇಬ್ಬರೂ ಸೋಲಲಿಲ್ಲ. ಸಮಸಮ ಎಳೆತಕ್ಕೆ ಬಾನಿ ಈಶಾನ್ಯಕ್ಕೆ ಓರೆಯಾಗಿ ಸರಿಯುತ್ತ ಶಾಲೆಯ ಬಾಗಿಲಿಗೆ ಬಂತು. ಏದುಸಿರು ಬಿಡುತ್ತ ಇಬ್ಬರೂ ಅದರ ಅಂಚಿನ ಮೇಲೇ ಕುಸಿದರು.

ಮೇಷ್ಟ್ರು ಕೈಮುಗಿದರು. "ಮಕ್ಕಳಿಗೆ ಕೈತೊಳೆಯಲು ಬಾನಿಯೇ ಇರಲಿಲ್ಲ. ನಿಮ್ಮಲ್ಲಿ ಒಬ್ಬರು ಹಗ್ಗ ಬಿಟ್ಟಿದ್ದರೂ ಇದು ಇಲ್ಲಿಗೆ ಬರುತ್ತಿರಲಿಲ್ಲ. ನಿಮ್ಮ ಜಗಳದ ಋಣ ದೊಡ್ಡದು ಸ್ವಾಮಿ."